ದೀಪ ಮಿಣುಕದ ದಿನ

ಕಳೆದ ತಿಂಗಳ ಒಂದು ಶನಿವಾರ ಮಧ್ಯಾಹ್ನ, ಪರೀಕ್ಷೆಯ ಉತ್ತರಪತ್ರಿಕೆಗಳ ರಾಶಿಯ ನಡುವೆ ನಾನು ಕುಳಿತಿದ್ದಾಗ, ನನ್ನ ಶ್ರೀಮತಿಯ ತಮ್ಮ ಹೊಸ ಕಾರಿನೊಡನೆ ಮನೆಯ ಮುಂದೆ ಪ್ರತ್ಯಕ್ಷನಾದ.

“ಭಾವ, ನಾಳೆ ಶ್ರೀಪೆರಂಬುದೂರಿನ ಟ್ರ್ಯಾಕಿನಲ್ಲಿ ಕಾರು ಓಡಿಸುತ್ತೇನೆ. ಹಣ ಕಟ್ಟಿ ಆಗಿದೆ. ನೀವೂ ಬನ್ನಿ,” ಎಂದ.

ರಥಗಳ ವಿಷಯದಲ್ಲಿ ನನಗಿರುವ ಜ್ಞಾನವೆಲ್ಲ ಕುಮಾರವ್ಯಾಸನ ಕೃಪೆಯಿಂದ ಬಂದದ್ದು. ಆದುದರಿಂದ ಹಿಂಜರಿದೆ. ಅಷ್ಟರಲ್ಲಿ ನನ್ನಾಕೆ ಒಳಗೆ ಕರೆದು ಮೆಲುದನಿಯಲ್ಲಿ ಹೇಳಿದಳು: “ನೀವು ಜೊತೆಗಿದ್ದರೆ ಅಮ್ಮ ರಾತ್ರಿ ನಿದ್ದೆಯನ್ನಾದರೂ ಮಾಡುತ್ತಾರೆ.” ಇರುವವನು ಒಬ್ಬನೇ ತಮ್ಮ. ಉತ್ತರಪತ್ರಿಕೆಗಳನ್ನು ಕಟ್ಟಿಟ್ಟು ಹೊರಟೆ.

ಹೊಸೂರು ದಾಟಿದ ಮೇಲೆ ಅವನು ತನ್ನ ಸಂಕಲ್ಪವನ್ನು ಹೊರಗೆಡಹಿದ. ಸ್ಟಿಯರಿಂಗಿನ ಬಳಿಯಿದ್ದ ಒಂದು ಪುಟ್ಟ ಗುಂಡಿಯನ್ನು ತೋರಿಸಿ, “ನಾಳೆ ಇದನ್ನು ಒತ್ತಿ ಎಲ್ಲವನ್ನೂ ಆಫ್ ಮಾಡಿಬಿಡುತ್ತೇನೆ. ಇದು ಆನ್ ಆಗಿದ್ದರೆ ಕಾರನ್ನು ಓಡಿಸುವವನು ನಾನಲ್ಲ, ಒಂದು ಕಂಪ್ಯೂಟರು,” ಎಂದ. ಗುಂಡಿಯ ಮೇಲೆ, ಜಾರುತ್ತಿರುವ ಕಾರೊಂದರ ಚಿತ್ರವಿತ್ತು. ಚಿತ್ರವನ್ನು ನೋಡಿಯೇ ನನಗೆ ಅರ್ಧ ಧೈರ್ಯ ಉಡುಗಿತು.

ವಾಚಕರಲ್ಲಿ ಅನೇಕರ ಕಾರಿನಲ್ಲಿಯೂ ಈ ಗುಂಡಿ ಇರಬಹುದು; ಅದರ ಒಳಮರ್ಮವನ್ನು ಇಲ್ಲಿ ಸ್ವಲ್ಪ ಹೇಳುವುದು ಅಪ್ರಸ್ತುತವಾಗಲಾರದು.

ಕಾರು ಎಷ್ಟೇ ದೊಡ್ಡದಾಗಿರಲಿ, ಅದು ನೆಲವನ್ನು ಮುಟ್ಟುವುದು ನಾಲ್ಕು ಟೈರುಗಳ ಅಡಿಯ ನಾಲ್ಕು ಅಂಗೈಯಗಲ ಜಾಗದಲ್ಲಿ ಮಾತ್ರ. ವೇಗ ಹೆಚ್ಚಿಸುವುದು, ತಗ್ಗಿಸುವುದು, ತಿರುಗುವುದು, ಈ ಮೂರು ಕೆಲಸಗಳಿಗೂ ಬೇಕಾದ ಹಿಡಿತ ಅಲ್ಲಿಂದಲೇ ಬರಬೇಕು. ಆ ಹಿಡಿತವೋ ಬಡವನ ಮನೆಯ ಸಂಬಳವಿದ್ದಂತೆ. ಒಂದು ಬಾಬಿಗೆ ಹೆಚ್ಚು ಖರ್ಚಾದರೆ ಇನ್ನೊಂದಕ್ಕೆ ಕಡಿಮೆ. ತಿರುವಿನ ನಡುವೆ ಬಲವಾಗಿ ಬ್ರೇಕು ಒತ್ತಿದರೆ ತಿರುಗಲು ಹಿಡಿತ ಉಳಿಯುವುದಿಲ್ಲ. ಅದೇ ತಿರುವನ್ನು ಶೇಕಡಾ 10ರಷ್ಟು ಹೆಚ್ಚು ವೇಗದಲ್ಲಿ ದಾಟಬೇಕಾದರೆ ಬೇಕಾಗುವ ಹಿಡಿತ ಹೆಚ್ಚುವುದು ಶೇಕಡಾ 10ರಷ್ಟಲ್ಲ, 21ರಷ್ಟು. ವೇಗ ಇಮ್ಮಡಿಯಾದರೆ ನಾಲ್ಕು ಪಟ್ಟು.

ಸಾಲ ಮಿತಿ ಮೀರಿದಾಗ ಟೈರು ಜಾರುತ್ತದೆ. ಮುಂದಿನ ಚಕ್ರಗಳು ಜಾರಿದರೆ, ಸ್ಟಿಯರಿಂಗ್ ತಿರುಗಿಸಿದರೂ ಕಾರು ನೇರವಾಗಿಯೇ ಸಾಗುತ್ತದೆ. ಹಿಂದಿನವು ಜಾರಿದರೆ, ಬಾಲ ಮುಂದಕ್ಕೆ ಬಂದು ಕಾರು ಬುಗುರಿಯಾಗುತ್ತದೆ. ಇವುಗಳನ್ನು ತಡೆಯುವುದಕ್ಕಾಗಿಯೇ ಇರುವುದು ಸ್ಟೆಬಿಲಿಟಿ ಕಂಟ್ರೋಲ್. ಚಾಲಕ ಸ್ಟಿಯರಿಂಗನ್ನು ಎಷ್ಟು ತಿರುಗಿಸಿದ್ದಾನೆ, ಕಾರು ನಿಜವಾಗಿ ಎಷ್ಟು ತಿರುಗುತ್ತಿದೆ ಎಂಬುದನ್ನು ಅದು ಸೆಕೆಂಡಿಗೆ 25 ಸಲ ಹೋಲಿಸಿ ನೋಡುತ್ತದೆ. ಎರಡೂ ತಾಳೆಯಾಗದಿದ್ದರೆ ಎಂಜಿನ್ನಿನ ಬಲವನ್ನು ತಗ್ಗಿಸಿ, ಬೇಕಾದ ಒಂದೇ ಚಕ್ರಕ್ಕೆ ತಾನೇ ಬ್ರೇಕು ಹಾಕಿ, ಕಾರನ್ನು ದಾರಿಗೆ ಎಳೆಯುತ್ತದೆ. ಮನುಷ್ಯನಿಗಿರುವ ಬ್ರೇಕಿನ ಪೆಡಲು ಒಂದೇ. ಒಂದೊಂದು ಚಕ್ರವನ್ನೂ ಬೇರೆ ಬೇರೆಯಾಗಿ ತಡೆಯುವ ಶಕ್ತಿ ಯಾವ ಮಹಾಸಾರಥಿಗೂ ಇಲ್ಲ. ಇದರ ಸೋದರನಾದ ಟ್ರಾಕ್ಷನ್ ಕಂಟ್ರೋಲಿನ ಕೆಲಸ ಇನ್ನೂ ಸರಳ: ಎಂಜಿನ್ನಿನ ಬಲಕ್ಕೆ ಚಕ್ರ ಸುಮ್ಮನೆ ನಿಂತಲ್ಲೇ ಸುತ್ತತೊಡಗಿದರೆ ಆ ಬಲವನ್ನು ಕಡಿಮೆ ಮಾಡುವುದು.

1995ರಲ್ಲಿ ಬಾಷ್ ಮತ್ತು ಮರ್ಸಿಡಿಸ್ ಸಂಸ್ಥೆಗಳು ಇದನ್ನು ಮೊದಲು ತಂದದ್ದು ಶ್ರೀಮಂತರ ಕಾರಿಗೆ. ಸಾಮಾನ್ಯರ ಕಾರಿಗೆ ಅದು ಇಳಿದು ಬಂದದ್ದರಲ್ಲಿ ಒಂದು ಪತ್ರಿಕೆಯ ಕೈವಾಡವಿದೆ ಎಂಬುದು ನಮ್ಮಂಥ ಬರೆಯುವವರಿಗೆ ಹೆಮ್ಮೆಯ ಸಂಗತಿ. 1997ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ವಾಹನ ಪತ್ರಿಕೆಯೊಂದು, ರಸ್ತೆಗೆ ಕಡವೆಯಂಥ ಪ್ರಾಣಿ ಅಡ್ಡ ಬಂದರೆ ಕಾರು ಹೇಗೆ ತಪ್ಪಿಸಿಕೊಳ್ಳುತ್ತದೆ ಎಂಬ ಪರೀಕ್ಷೆ ನಡೆಸಿದಾಗ ಮರ್ಸಿಡಿಸಿನ ಪುಟ್ಟ ಎ-ಕ್ಲಾಸ್ ಕಾರು ಮಗುಚಿ ಬಿತ್ತು. ಆ ಬಳಿಕ ಕಂಪನಿ ಆ ಕಾರುಗಳಿಗೆಲ್ಲ ಈ ವ್ಯವಸ್ಥೆಯನ್ನು ಜೋಡಿಸಿತು. ನಮ್ಮ ದೇಶದಲ್ಲಿ 2023ರ ಅಕ್ಟೋಬರಿನಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿಯೂ ಮೂರು ತಾರೆ ಅಥವಾ ಅದಕ್ಕೂ ಹೆಚ್ಚು ಪಡೆಯಬೇಕಾದ ಕಾರಿನಲ್ಲಿ ಇದು ಇರಲೇಬೇಕು.

“ಇಷ್ಟು ಒಳ್ಳೆಯದನ್ನು ಆಫ್ ಮಾಡುವುದೇಕೆ?” ಎಂದು ನಾನು ಕೇಳಿದೆ.

ನನ್ನ ಭಾವಮೈದುನ ಮೂರ್ಖನಲ್ಲ. ಅವನ ವಾದದಲ್ಲಿ ಹುರುಳಿತ್ತು. ರಸ್ತೆಯಲ್ಲಿ ಜಾರುವುದು ಅಪಘಾತ. ಆದರೆ ಟ್ರ್ಯಾಕಿನಲ್ಲಿ ಟೈರು ಜಾರುವ ಅಂಚಿನಲ್ಲಿ ಓಡಿಸುವುದೇ ವಿದ್ಯೆ. ಆ ಅಂಚಿಗೆ ಬಂದಾಗಲೆಲ್ಲ ಯಂತ್ರ ಮಧ್ಯೆ ಬಾಯಿ ಹಾಕಿ ಎಂಜಿನ್ನನ್ನು ಕಟ್ಟಿಹಾಕುತ್ತದೆ. ಸುತ್ತು ಸುತ್ತಿಗೂ ತಾನೇ ಬ್ರೇಕು ಹಾಕುತ್ತಾ ಹೋಗಿ ಬ್ರೇಕನ್ನು ಕಾಯಿಸುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ನಮ್ಮ ತಪ್ಪನ್ನು ನಮಗೆ ತಿಳಿಯದ ಹಾಗೆ ಮುಚ್ಚಿಬಿಡುತ್ತದೆ. ಫಾರ್ಮುಲಾ ಒನ್ ಪಂದ್ಯಗಳಲ್ಲಿಯೂ ಇದೇ ಚರ್ಚೆ ನಡೆದಿದೆ: 1994ರಲ್ಲಿ ಟ್ರಾಕ್ಷನ್ ಕಂಟ್ರೋಲನ್ನು ನಿಷೇಧಿಸಿದರು, 2001ರಲ್ಲಿ ಮತ್ತೆ ಬಿಟ್ಟುಕೊಟ್ಟರು, 2008ರಿಂದ ಪುನಃ ನಿಷೇಧಿಸಿದರು. ಗೆಲ್ಲುವವನು ಮನುಷ್ಯನಾಗಿರಬೇಕು ಎಂಬ ಹಂಬಲ ಅಲ್ಲಿಯೂ ಉಂಟು.

ಭಾನುವಾರ ಬೆಳಿಗ್ಗೆ ಇರುಂಗಾಟ್ಟುಕೋಟೈಯ ಆ ಟ್ರ್ಯಾಕನ್ನು ಕಂಡೆ. ಹಿಂದೆ ಶೋಲಾವರದ ಹಳೆಯ ವಿಮಾನಪಥದಲ್ಲಿ ಪಂದ್ಯ ನಡೆಸುತ್ತಿದ್ದ ಮದರಾಸಿನ ಉತ್ಸಾಹಿಗಳು 1990ರಲ್ಲಿ ಇದನ್ನು ತೆರೆದರು. ಸುತ್ತಳತೆ ಸುಮಾರು 3.7 ಕಿಲೋಮೀಟರು. ನಾನು ನೆರಳಿನಲ್ಲಿ ಕುಳಿತೆ. ಭಾವಮೈದುನ ಶಿರಸ್ತ್ರಾಣ ಧರಿಸಿ ರಣರಂಗಕ್ಕಿಳಿದ. ಅಲ್ಲಿನ ಶಿಕ್ಷಕರು ಅರವತ್ತು ದಾಟಿದ, ಮಿತಭಾಷಿಯಾದ ಹಿರಿಯರು. “ಮೊದಲು ಆನ್ ಇರಲಿ,” ಎಂದಷ್ಟೇ ಹೇಳಿದ್ದರು.

ಮೊದಲ ಸರದಿ ನಿರ್ವಿಘ್ನವಾಗಿ ಮುಗಿಯಿತು. ಎರಡನೆಯದರಲ್ಲಿ ಅವನು ಯಾರಿಗೂ ಹೇಳದೆ ಗುಂಡಿಯನ್ನು ಒತ್ತಿದ. ಮೂರನೆಯ ಸುತ್ತಿನ ಒಂದು ತಿರುವಿನ ನಡುವೆ, ವೇಗ ಹೆಚ್ಚಾಯಿತೆಂದು ಬೆದರಿ ಆಕ್ಸಿಲರೇಟರಿನಿಂದ ಕಾಲನ್ನು ಥಟ್ಟನೆ ತೆಗೆದುಬಿಟ್ಟ. ಆಗ ಆಗುವುದೇನೆಂದರೆ, ಕಾರಿನ ಭಾರ ಮುಂದಕ್ಕೆ ವಾಲಿ ಹಿಂದಿನ ಚಕ್ರಗಳು ಹಗುರಾಗುತ್ತವೆ, ಹಿಡಿತ ತಪ್ಪುತ್ತದೆ. ನಾನು ಕಂಡದ್ದು ಇಷ್ಟೇ: ಕಾರು ಒಮ್ಮೆ ಪೂರ್ತಿ ಸುತ್ತಿತು, ಇನ್ನರ್ಧ ಸುತ್ತಿತು, ಆಮೇಲೆ ಕೆಂಪು ಧೂಳು. ಆ ಧೂಳು ಇಳಿಯುವವರೆಗಿನ ಕ್ಷಣಗಳಲ್ಲಿ ಅತ್ತೆಯವರ ಮುಖ ನನ್ನ ಕಣ್ಣ ಮುಂದೆ ಬಂದು ನಿಂತಿತ್ತು. ಧೂಳಿನೊಳಗಿಂದ ಕಾರು ನಿಧಾನವಾಗಿ ಹೊರಬಂತು. ಯಾರಿಗೂ ಏನೂ ಆಗಿರಲಿಲ್ಲ. ಉತ್ತರಕುಮಾರನ ಪೌರುಷ ಒಲೆಯ ಮುಂದೆ ಎಂಬ ಗಾದೆ ನಾಲಿಗೆಯ ತುದಿಗೆ ಬಂದಿತ್ತು. ಅವನ ಬಿಳಿಚಿದ ಮುಖ ನೋಡಿ ನುಂಗಿಕೊಂಡೆ.

ಶಿಕ್ಷಕರು ಗದರಲಿಲ್ಲ. “ಮೊದಲ ಸರದಿಯಲ್ಲಿ ಆ ಹಳದಿ ದೀಪ ಎಷ್ಟು ಸಲ ಮಿಣುಕಿತು?” ಎಂದು ಕೇಳಿದರು.

ಅವನು ನೋಡಿಯೇ ಇರಲಿಲ್ಲ.

ಯಂತ್ರ ನೆರವಿಗೆ ಬಂದಾಗಲೆಲ್ಲ ಚಾಲಕನ ಮುಂದೆ ಒಂದು ಹಳದಿ ದೀಪ ಮಿಣುಕುತ್ತದೆ. “ಅದು ಮಿಣುಕಿತೆಂದರೆ ನೀವು ಟೈರಿನಿಂದ ಅದರ ಶಕ್ತಿಗಿಂತ ಹೆಚ್ಚು ಕೇಳಿದಿರಿ ಎಂದು ಅರ್ಥ. ಒಂದೋ ವೇಗ ಹೆಚ್ಚಾಯಿತು, ಇಲ್ಲವೆ ಸ್ಟಿಯರಿಂಗ್ ಒರಟಾಯಿತು, ಇಲ್ಲವೆ ಎಂಜಿನ್ನಿಗೆ ಬೇಗ ಬಲ ಕೊಟ್ಟಿರಿ. ಯಾವುದೆಂದು ಹುಡುಕಿ, ತಿದ್ದಿಕೊಳ್ಳಿ. ಇದೇ ವೇಗದಲ್ಲಿ ಇಡೀ ಸುತ್ತು ದೀಪ ಮಿಣುಕದ ದಿನ ಬನ್ನಿ. ಆ ದಿನ ನಾನೇ ಪಕ್ಕದಲ್ಲಿ ಕುಳಿತು ಅರ್ಧ ಆಫ್ ಮಾಡಿಸುತ್ತೇನೆ. ಪೂರ್ತಿ ಆಫ್ ಮಾಡುವುದು ಅದರ ನಂತರದ ಮಾತು, ಅದೂ ಒಣ ನೆಲದಲ್ಲಿ, ಟೈರು ಬಿಸಿಯೇರಿದ ಮೇಲೆ. ಅಭ್ಯಾಸವಾಗುವ ಮೊದಲೇ ದೀಪವನ್ನು ಕಳೆದುಕೊಂಡರೆ ನಿಮಗೆ ತಪ್ಪು ತಿಳಿಯುವುದು ಸುತ್ತಿ ಬಿದ್ದ ಮೇಲೆಯೇ.”

ಉಳಿದ ಸರದಿಗಳಲ್ಲಿ ಅವರು ಪಕ್ಕದಲ್ಲಿ ಕುಳಿತರು. ಮುಂದಿನ ಸರದಿಯಲ್ಲಿ ಒಂದು ಸುತ್ತಿಗೆ ಎಂಟು ಸಲ ದೀಪ ಮಿಣುಕಿತಂತೆ. ಅದರ ಮುಂದಿನದರಲ್ಲಿ ಐದು. ಸಂಜೆಯ ಕೊನೆಯ ಸರದಿಯಲ್ಲಿ ಎರಡು. ವಿಚಿತ್ರವೆಂದರೆ, ದೀಪ ಕಡಿಮೆಯಾದಂತೆ ಕಾರಿನ ವೇಗ ಹೆಚ್ಚಿತ್ತು! ಹೊರಡುವಾಗ ಹಿರಿಯರು ಕಿಟಕಿಯೊಳಗೆ ಬಗ್ಗಿ, ಗುಂಡಿಯ ಸ್ಥಿತಿಯನ್ನು ತಾವೇ ಪರೀಕ್ಷಿಸಿ, “ಇದು ಗೇಟಿನ ಒಳಗಿನ ವಿದ್ಯೆ. ರಸ್ತೆಯಲ್ಲಿ ಇದನ್ನು ಮುಟ್ಟಬಾರದು,” ಎಂದರು.

ಕೃಷ್ಣಗಿರಿಯ ಹತ್ತಿರ ಮಳೆ ಹಿಡಿಯಿತು. ಮುಂದಿದ್ದ ಲಾರಿ ಒಮ್ಮೆಗೇ ನಿಧಾನವಾದಾಗ ಅವನು ಬ್ರೇಕು ಒತ್ತಿ ಪಕ್ಕಕ್ಕೆ ತಿರುಗಿಸಿದ. ಕಾರಿನ ಹಿಂಭಾಗ ಒಮ್ಮೆ ತೂಗಿತು, ಹಳದಿ ದೀಪ ನಾಲ್ಕೈದು ಸಲ ಮಿಣುಕಿತು, ಕಾರು ನೆಟ್ಟಗಾಯಿತು. ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ಹೊಸೂರಿನ ದೀಪಗಳು ಕಂಡ ಮೇಲೆ ಅವನು, “ಭಾವ, ಅಕ್ಕನಿಗೆ ಹೇಳಬೇಡಿ,” ಎಂದ. ಹೇಳಲಿಲ್ಲ. ಈಗ ಈ ಅಂಕಣವನ್ನು ಓದಿ ಅವಳಿಗೆ ತಿಳಿಯುತ್ತದೆ. ಅದರ ಫಲವನ್ನು ಅನುಭವಿಸುವವನು ನಾನೇ.

ಮನೆಗೆ ಬಂದು ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚಿದೆ. ಒಂದಾದ ಮೇಲೆ ಒಂದರಲ್ಲಿ ನನ್ನದೇ ವಾಕ್ಯಗಳು. ನಾನು ತರಗತಿಯಲ್ಲಿ ಬರೆಯಿಸಿದ ನೋಟ್ಸು, ನಾನು ಮಾಡಿದ್ದ ಒಂದು ತಪ್ಪಿನ ಸಮೇತ! ಹತ್ತು ವರ್ಷಗಳಿಂದ ನಾನು ಹುಡುಗರು ಜಾರದಂತೆ ಹಿಡಿದಿದ್ದೇನೆ. ಅವರಿಗೆ ದೀಪವನ್ನು ಮಾತ್ರ ತೋರಿಸಿಲ್ಲ. ನೋಟ್ಸನ್ನು ಒಮ್ಮೆಗೇ ನಿಲ್ಲಿಸಿದರೆ ಮೂರನೆಯ ತಿರುವಿನಲ್ಲಿ ಎಲ್ಲರೂ ಬುಗುರಿಯಾಗುತ್ತಾರೆ; ಎಂದೆಂದಿಗೂ ನಿಲ್ಲಿಸದಿದ್ದರೆ ಅವರು ಪಂಪನನ್ನು ಒಮ್ಮೆಯೂ ತಾವಾಗಿ ಓದಿರುವುದಿಲ್ಲ.

ಈ ವಾರ ಒಂದು ಪದ್ಯವನ್ನು ಹಲಗೆಯ ಮೇಲೆ ಬರೆದು, ಅರ್ಥ ಹೇಳದೆ ಸುಮ್ಮನೆ ನಿಂತೆ. ಬಹಳ ಹೊತ್ತಿನ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ತನಗೆ ತೋರಿದ ಅರ್ಥವನ್ನು ಹೇಳಿದಳು. ಅರ್ಧ ತಪ್ಪಾಗಿತ್ತು. ಎಲ್ಲಿ ತಪ್ಪಿದೆ ಎಂಬುದನ್ನಷ್ಟೇ ಹೇಳಿ, ಮತ್ತೆ ಪ್ರಯತ್ನಿಸು ಎಂದು ಕೂರಿಸಿದೆ.