ಮಿಸ್ ಹೊಡೆಯುತ್ತಿರುವುದು ಎಂಜಿನ್ನೋ, ಲೆಕ್ಕವೋ?

ಮಲೆನಾಡಿನಲ್ಲಿ ಮಳೆ ಹಿಡಿಯಿತೆಂದರೆ ಶಿವಮೊಗ್ಗದ ಗ್ಯಾರೇಜುಗಳ ಮುಂದೆ ಕೇಳುವ ದೂರು ಹೆಚ್ಚುಕಡಿಮೆ ಒಂದೇ. ‘ಗಾಡಿ ಮಿಸ್ ಹೊಡೀತಿದೆ, ಪಿಕಪ್ ಇಲ್ಲ, ಘಾಟಿ ಹತ್ತುವಾಗ ಜಗ್ಗುತ್ತೆ.’ ಬಹಳ ಕಡೆ ಸಿಗುವ ಉತ್ತರವೂ ಒಂದೇ. ಬಾನೆಟ್ ಎತ್ತಿ, ಎರಡು ಸಲ ಆಕ್ಸಿಲರೇಟರ್ ಒತ್ತಿಸಿ, ಕಿವಿಗೊಟ್ಟು ಕೇಳಿ, ಬನಿಯನ್ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಹೇಳುವ ಮಾತು: ‘ಎಂಜಿನ್ ಇಳಿಸ್ಬೇಕು ಅಣ್ಣಾ.’

ಈ ಮೂರು ಪದಗಳ ಬೆಲೆ ಹತ್ತಾರು ಸಾವಿರ ರೂಪಾಯಿ. ಹಳದಿ ಬೋರ್ಡಿನ ಗಾಡಿ ಇಟ್ಟುಕೊಂಡವನಿಗಂತೂ ಅಷ್ಟಕ್ಕೇ ಮುಗಿಯುವುದಿಲ್ಲ. ಗಾಡಿ ಗ್ಯಾರೇಜಿನಲ್ಲಿ ನಿಂತಷ್ಟು ದಿನ ಬಾಡಿಗೆ ನಿಲ್ಲುತ್ತದೆ, ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಹೆಂಡತಿಯ ಕೊರಳ ಸರ ಗಿರವಿ ಅಂಗಡಿಯ ದಾರಿ ಹಿಡಿಯುತ್ತದೆ. ಇಷ್ಟೆಲ್ಲ ಆಗಿ, ಹೊಸ ರಿಂಗು, ಹೊಸ ಗ್ಯಾಸ್ಕೆಟ್ ಹಾಕಿಸಿಕೊಂಡು ಹೊರಬಂದ ಗಾಡಿ ಮುಂದಿನ ವಾರ ಮತ್ತೆ ಮಿಸ್ ಹೊಡೆದರೆ? ರೋಗ ಪಿಸ್ಟನ್ನಿನಲ್ಲಿ ಇಲ್ಲದೆ ಕಾಯಿಲ್‌ನ ಬಿರುಕು ಬಿಟ್ಟ ರಬ್ಬರ್ ಬೂಟಿನಲ್ಲಿ ಇದ್ದರೆ, ಹೊಡೆದೇ ಹೊಡೆಯುತ್ತದೆ. ಆಗ ಯಾರನ್ನು ಕೇಳುವುದು?

ಇದು ಬರೀ ದುಡ್ಡಿನ ಪ್ರಶ್ನೆಯಲ್ಲ. ಶಿವಮೊಗ್ಗ, ತೀರ್ಥಹಳ್ಳಿ ಕಡೆಯ ಜನ ದೊಡ್ಡ ಕಾಯಿಲೆ ಬಂದರೆ ಮಣಿಪಾಲಕ್ಕೆ ಹೊರಡುತ್ತಾರೆ. ದಾರಿ ಆಗುಂಬೆ ಘಾಟಿಯದು. ಇಳಿಯುವಾಗ ಎಂಜಿನ್ ಗುಟ್ಟು ಬಿಡುವುದಿಲ್ಲ. ವಾಪಸು ಬರುವಾಗ, ಸೋಮೇಶ್ವರ ದಾಟಿ ಹತ್ತಲು ಶುರುಮಾಡಿದಾಗ, ಒಳಗೆ ಐದು ಜನ, ಹೊರಗೆ ಜಡಿಮಳೆ, ತಿರುವಿನಲ್ಲಿ ಗಾಡಿಗೆ ಉಸಿರು ಕಟ್ಟುತ್ತದೆ. ಹಿಂದಿನ ಸೀಟಿನಲ್ಲಿ ಆಪರೇಷನ್ ಮಾಡಿಸಿಕೊಂಡ ಅಜ್ಜಿ ಇದ್ದಾರೆ ಎಂಬುದು ಎಂಜಿನ್ನಿಗೆ ಗೊತ್ತಾಗುವುದಿಲ್ಲ. ಹಾಗಾಗಿ ‘ಸ್ವಲ್ಪ ದಿನ ಹೀಗೇ ಓಡಿಸೋಣ’ ಎನ್ನುವುದೂ ಉಪಾಯವಲ್ಲ.

ಮಿಸ್ ಹೊಡೆಯುವುದೆಂದರೆ ಒಂದು ಸಿಲಿಂಡರ್ ತನ್ನ ಸರದಿ ಬಂದಾಗ ಉರಿಯದೆ ಸುಮ್ಮನಿರುವುದು. ನಾಲ್ಕು ಜನ ಹೊರುವ ಪಲ್ಲಕ್ಕಿಗೆ ಒಬ್ಬ ಹೆಗಲು ತಪ್ಪಿಸಿದ ಹಾಗೆ. ಉರಿಯಲು ಬೇಕಾದ್ದು ನಾಲ್ಕೇ: ಕಿಡಿ, ಪೆಟ್ರೋಲು, ಗಾಳಿ, ಒತ್ತಡ. ಕಿಡಿ ಪ್ಲಗ್ಗು, ಕಾಯಿಲ್‌ಗಳ ಕೆಲಸ. ಪೆಟ್ರೋಲು ಪಂಪು, ಫಿಲ್ಟರು, ಇಂಜೆಕ್ಟರುಗಳದ್ದು. ಗಾಳಿಯದ್ದು ಫಿಲ್ಟರು ಮತ್ತು ಎಲ್ಲೋ ಸೋರುವ ರಬ್ಬರ್ ಪೈಪಿನ ತಕರಾರು. ಈ ಮೂರನ್ನೂ ಎಂಜಿನ್ ಇಳಿಸದೆ ನೋಡಬಹುದು, ಇಳಿಸದೆ ಸರಿಮಾಡಬಹುದು. ನಾಲ್ಕನೆಯದಾದ ಒತ್ತಡ ಕೈಕೊಟ್ಟಾಗ ಮಾತ್ರ ವಾಲ್ವು, ರಿಂಗು, ಹೆಡ್ ಗ್ಯಾಸ್ಕೆಟ್ಟಿನ ಮಾತು ಬರಬೇಕು. ಮೊದಲ ಮೂರನ್ನು ಮುಟ್ಟದೆ ನಾಲ್ಕನೆಯದಕ್ಕೆ ಕೈಹಾಕುವುದೆಂದರೆ, ತಲೆನೋವು ಎಂದು ಬಂದವನ ಬಿಪಿ ಕೂಡ ನೋಡದೆ ಆಪರೇಷನ್ ಟೇಬಲ್ಲಿಗೆ ಹತ್ತಿಸಿದಂತೆ.

ಅಂಬಾಸಿಡರ್, ಫಿಯೆಟ್ ಕಾಲದ ಮೇಸ್ತ್ರಿಗಳಿಗೆ ಇದು ಗೊತ್ತಿತ್ತು. ಎಂಜಿನ್ ಓಡುತ್ತಿರುವಾಗಲೇ ಪ್ಲಗ್ ವೈರುಗಳನ್ನು ಒಂದೊಂದಾಗಿ ಕಿತ್ತು ಕೇಳುತ್ತಿದ್ದರು. ಯಾವುದನ್ನು ಕಿತ್ತರೂ ಸದ್ದು ಬದಲಾಗಲಿಲ್ಲವೋ, ಸತ್ತ ಸಿಲಿಂಡರ್ ಅದೇ. ಈಗಿನ ಗಾಡಿಗಳಲ್ಲಿ ಹಾಗೆ ಕೀಳಬಾರದು; ಎಲೆಕ್ಟ್ರಾನಿಕ್ ಭಾಗ ಸುಟ್ಟೀತು, ಕೈಗೆ ಶಾಕ್ ಹೊಡೆದೀತು. ಬದಲಿಗೆ ಸ್ಟೇರಿಂಗ್ ಕೆಳಗೆ ಸ್ಕ್ಯಾನರ್ ಚುಚ್ಚುವ ಸಾಕೆಟ್ ಇದೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಮಾತ್ರವಲ್ಲ, ಅದಕ್ಕೂ ಹಿಂದಿನ ಬಿಎಸ್-4 ಗಾಡಿಗಳಲ್ಲೂ ಇದೆ. ಸ್ಕ್ಯಾನರ್ ‘ಪಿ 0303’ ಎಂದು ತೋರಿಸಿದರೆ ಮಿಸ್ ಆಗುತ್ತಿರುವುದು ಮೂರನೇ ಸಿಲಿಂಡರ್. ‘ಪಿ 0300’ ಎಂದರೆ ಒಂದೇ ಕಡೆ ಅಲ್ಲ, ಅಲ್ಲಲ್ಲಿ; ಆಗ ಪೆಟ್ರೋಲು, ಗಾಳಿಯ ಕಡೆಯೂ ನೋಡಬೇಕು.

ಆದರೆ ಕೋಡು ತೋರಿಸುವುದು ಕಳ್ಳ ಹೊಕ್ಕ ಮನೆಯನ್ನು, ಕಳ್ಳನನ್ನಲ್ಲ. ಕಳ್ಳನನ್ನು ಹಿಡಿಯುವುದಕ್ಕೆ ಕಾಸು ಖರ್ಚಿಲ್ಲದ ಉಪಾಯವಿದೆ. ಪ್ಲಗ್ಗಿಗೊಂದು ಕಾಯಿಲ್ ಇರುವ ಗಾಡಿಯಾದರೆ ಮೂರನೆಯದರ ಕಾಯಿಲ್ ತೆಗೆದು ಒಂದನೆಯದಕ್ಕೆ ಹಾಕಿ, ಒಂದನೆಯದನ್ನು ಮೂರಕ್ಕೆ ಹಾಕಿ, ಕೋಡು ಅಳಿಸಿ ಒಂದು ಸುತ್ತು ಓಡಿಸಿ ನೋಡಬೇಕು. ಕೋಡು ‘ಪಿ 0301’ಕ್ಕೆ ಜಾಗ ಬದಲಿಸಿದರೆ ಕಳ್ಳ ಕಾಯಿಲ್. ಅಲ್ಲೇ ಕೂತಿದ್ದರೆ ಪ್ಲಗ್ಗನ್ನು ಹಾಗೆಯೇ ಅದಲುಬದಲು ಮಾಡಬೇಕು. ಬಿಚ್ಚಿದ ಪ್ಲಗ್ಗೂ ಮಾತಾಡುತ್ತದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು ಇಲ್ಲವೇ ಕಿಡಿ ದುರ್ಬಲ. ಪೆಟ್ರೋಲಿನಲ್ಲಿ ನೆನೆದಿದ್ದರೆ ಕಿಡಿಯೇ ಬಂದಿಲ್ಲದಿರಬಹುದು. ಎಂಜಿನ್ ಆಯಿಲ್ ಮೆತ್ತಿದ್ದರೆ ಮಾತ್ರ ಒಳಗಿನ ರೋಗದ ಅನುಮಾನ.

ಆ ಅನುಮಾನ ಬಂದ ಮೇಲೂ ಬಿಚ್ಚುವ ಅವಸರ ಬೇಡ. ಪ್ಲಗ್ಗಿನ ತೂತಿಗೆ ಕಂಪ್ರೆಷನ್ ಗೇಜ್ ಹಾಕಿ ಒತ್ತಡ ಅಳೆಯಬಹುದು. ಬರುವುದು ನಾಲ್ಕು ಅಂಕಿ. ನಾಲ್ಕೂ ಹತ್ತಿರ ಹತ್ತಿರ ಇದ್ದು, ಕಂಪನಿ ಹೇಳಿದ ಮಟ್ಟದಲ್ಲಿದ್ದರೆ ಎಂಜಿನ್ ಇಳಿಸುವ ಮಾತನ್ನು ಅಲ್ಲಿಗೇ ಬಿಡಬಹುದು. ಒಂದು ತೀರಾ ಕಡಿಮೆ ಇದ್ದರೆ ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಅಂಕಿ ಏರಿದರೆ ರಿಂಗು, ಏರದಿದ್ದರೆ ವಾಲ್ವಿನ ಕಡೆ ನೋಡಬೇಕು. ಅಕ್ಕಪಕ್ಕದ ಎರಡು ಕಡಿಮೆ ಇದ್ದರೆ ಹೆಡ್ ಗ್ಯಾಸ್ಕೆಟ್. ಇದು ಒಂದು ಗಂಟೆಯ ಆಚೀಚೆ ಮುಗಿಯುವ ಕೆಲಸ. ಡೀಸೆಲ್ ಗಾಡಿಯಲ್ಲಿ ಕಿಡಿ ಪ್ಲಗ್ಗು ಇಲ್ಲ, ಗೇಜೂ ಬೇರೆ. ಆದರೆ ಮೊದಲು ಇಂಜೆಕ್ಟರ್, ಫಿಲ್ಟರ್, ಕೊನೆಗೆ ಎಂಜಿನ್ ಎಂಬ ಕ್ರಮ ಬೇರೆಯಲ್ಲ.

ಒಂದು ಎಚ್ಚರಿಕೆ. ಡ್ಯಾಶ್‌ಬೋರ್ಡಿನ ಎಂಜಿನ್ ದೀಪ ಸುಮ್ಮನೆ ಉರಿಯುತ್ತಿದ್ದರೆ ನಿಧಾನಕ್ಕೆ ಗ್ಯಾರೇಜು ಸೇರಬಹುದು. ಮಿಟುಕುತ್ತಿದ್ದರೆ ಗಾಡಿ ಬದಿಗೆ ನಿಲ್ಲಿಸುವುದೇ ಲೇಸು. ಉರಿಯದ ಪೆಟ್ರೋಲು ಸೈಲೆನ್ಸರಿನ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಟ್ಟುಹಾಕುತ್ತದೆ. ಕೆಲವು ನೂರು ರೂಪಾಯಿಯ ಪ್ಲಗ್ಗಿಗೆ ಸೋಮಾರಿತನ ಮಾಡಿದವನು ಸಾವಿರಾರು ರೂಪಾಯಿಯ ಕನ್ವರ್ಟರ್ ತರಬೇಕಾಗುತ್ತದೆ.

ಹಾಗಾದರೆ ತಪ್ಪೆಲ್ಲ ಮೆಕ್ಯಾನಿಕ್‌ನದೇ? ಅಲ್ಲ. ಒಂದು ಗಂಟೆ ಗೇಜ್ ಹಿಡಿದು, ಕಾಯಿಲ್ ಅದಲುಬದಲು ಮಾಡಿ, ‘ನಿಮ್ಮ ಎಂಜಿನ್ ಚೆನ್ನಾಗಿದೆ, ಒಂದು ಪ್ಲಗ್ಗು ಹಾಕಿ’ ಎಂದು ಹೇಳಿದವನಿಗೆ ಗಿರಾಕಿ ಏನು ಕೊಡುತ್ತಾನೆ? ‘ಬರೀ ನೋಡಿದ್ದಕ್ಕೆ ಐನೂರಾ?’ ಎಂದು ಜಗಳಕ್ಕೆ ನಿಲ್ಲುತ್ತಾನೆ. ಅದೇ ಗಿರಾಕಿ ಎಂಜಿನ್ ಬಿಚ್ಚಿ ಹರಡಿದ್ದನ್ನು ಕಂಡರೆ ‘ಪಾಪ, ಎಷ್ಟು ಕೆಲಸ ಮಾಡಿದಾನೆ’ ಎಂದು ಸಾವಿರ ಸಾವಿರ ಎಣಿಸುತ್ತಾನೆ. ನೋಡಿದ್ದಕ್ಕೆ ದುಡ್ಡು ಕೊಡದ ಊರು ಬಿಚ್ಚಿದ್ದಕ್ಕೆ ಕೊಡಬೇಕಾಗುತ್ತದೆ. ಪ್ರಾಮಾಣಿಕನಾಗಿ ತಪಾಸಣೆ ಮಾಡುವ ಮೆಕ್ಯಾನಿಕ್ ಹಸಿದಿರುವ ಕಡೆ ಬಿಚ್ಚುವವನೇ ಬೆಳೆಯುತ್ತಾನೆ. ಇದಕ್ಕೆ ಗಿರಾಕಿಯೂ ಪಾಲುದಾರ.

ಆದ್ದರಿಂದ ಆಗಬೇಕಾದ್ದು ಇಷ್ಟು. ಗ್ಯಾರೇಜು ಮಾಲೀಕರು ತಪಾಸಣೆಗೊಂದು ದರ ಗೊತ್ತುಮಾಡಿ ಬೋರ್ಡಿನಲ್ಲಿ ಬರೆಯಲಿ. ಗಿರಾಕಿ ಅದನ್ನು ಗೊಣಗದೆ ಕೊಡಲಿ. ಕೊಟ್ಟ ಮೇಲೆ ಸ್ಕ್ಯಾನರ್ ಕೋಡು ಮತ್ತು ನಾಲ್ಕು ಸಿಲಿಂಡರಿನ ಅಂಕಿಯನ್ನು ಚೀಟಿಯಲ್ಲಿ ಬರೆಸಿಕೊಳ್ಳಲಿ. ಆ ಚೀಟಿ ಹಿಡಿದು ಇನ್ನೊಂದು ಗ್ಯಾರೇಜಿನಲ್ಲಿ ಕೇಳುವುದು ಅವಮಾನವೇನಲ್ಲ. ವೈದ್ಯರ ವಿಷಯದಲ್ಲಿ ಎಲ್ಲರೂ ಮಾಡುವುದೇ. ಬಿಚ್ಚುವ ಮುಂಚೆ ಅಂದಾಜು ಪಟ್ಟಿ, ಆಮೇಲೆ ಬಿಲ್ಲು, ತೆಗೆದ ಹಳೇ ಸಾಮಾನು, ಈ ಮೂರೂ ಕೈಗೆ ಬರಬೇಕು. ಸೇವೆಗೆ ಬಿಲ್ಲು ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ. ದುಡ್ಡು ಕೊಟ್ಟು ಮಾಡಿಸಿದ ಕೆಲಸ ಕೆಟ್ಟರೆ ಜಿಲ್ಲಾ ಗ್ರಾಹಕ ಆಯೋಗವಿದೆ, ದೂರಲು ಎರಡು ವರ್ಷದ ಅವಧಿಯಿದೆ. 1915ಕ್ಕೆ ಫೋನ್ ಮಾಡಿ ಕೇಳಬಹುದು. ಆದರೆ ಚೀಟಿಯಿಲ್ಲದ ದೂರು ಕಿಡಿಯಿಲ್ಲದ ಸಿಲಿಂಡರಿನಂತೆ, ಎಲ್ಲಿಗೂ ಹೋಗುವುದಿಲ್ಲ.

ಐಟಿಐಗಳಲ್ಲಿ ಮೋಟಾರ್ ಮೆಕ್ಯಾನಿಕ್ ಕಲಿಯುವ ಹುಡುಗರಿಗೆ ಹಳೇ ಎಂಜಿನ್ ಬಿಚ್ಚಿ ಜೋಡಿಸುವುದನ್ನು ಹೇಳಿಕೊಟ್ಟರೆ ಸಾಲದು. ತಿಂಗಳಿಗೊಂದು ದಿನ ಊರಿನ ಗಾಡಿಗಳನ್ನು ಕರೆದು, ಮೇಷ್ಟರ ಎದುರಿಗೇ ಗೇಜು, ಸ್ಕ್ಯಾನರು ಹಿಡಿಸಿ ತಪಾಸಣೆ ಮಾಡಿಸಲಿ. ಹುಡುಗರಿಗೆ ಕೈ ಪಳಗುತ್ತದೆ, ಟ್ಯಾಕ್ಸಿಯವನ ಕೈಗೆ ಚೀಟಿ ಸಿಗುತ್ತದೆ. ಮುಂದಿನ ಮಳೆಗಾಲದಲ್ಲಿ ‘ಎಂಜಿನ್ ಇಳಿಸ್ಬೇಕು ಅಣ್ಣಾ’ ಎಂದಾಗ ‘ಅಂಕಿ ಎಲ್ಲಿ ತೋರ್ಸಪ್ಪ’ ಎಂದು ಕೇಳುವವರು ನಾಲ್ಕು ಜನ ಹುಟ್ಟಿಕೊಂಡರೂ ಸಾಕು, ಕೆಲವು ಮನೆಗಳ ಸರ ಕೊರಳಲ್ಲೇ ಉಳಿಯುತ್ತದೆ.