ಗೈಗರ್ ನಳಿಗೆಗೆ 400 ವೋಲ್ಟ್

ವಿಕಿರಣ ಪತ್ತೆಮಾಡುವ ಗೈಗರ್ ನಳಿಗೆಗಳಲ್ಲಿ ಹಲವಕ್ಕೆ ಸುಮಾರು 400 ವೋಲ್ಟ್ ಬೇಕು. ಆಂದೋಲಕ, ಪುಟ್ಟ ಟ್ರಾನ್ಸ್‌ಫಾರ್ಮರ್, ಡಯೋಡ್-ಕೆಪಾಸಿಟರುಗಳ ಏಣಿ ಇದ್ದರೆ 9 ವೋಲ್ಟಿನ ಬ್ಯಾಟರಿಯಿಂದಲೇ ಅಷ್ಟನ್ನು ಪಡೆಯಬಹುದು. 1932ರಲ್ಲಿ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ ಲಿಥಿಯಂ ಪರಮಾಣುವನ್ನು ಒಡೆದದ್ದೂ ಇಂಥದೇ ಏಣಿಯ ಬಲದಿಂದ.

ತೊಡಕಿರುವುದು ಅಳೆಯುವಲ್ಲಿ. ನಳಿಗೆಯ ಮುಂದೆ 10 ಮೆಗಓಮ್ ರೋಧಕವಿದೆ, ಮಲ್ಟಿಮೀಟರಿನ ರೋಧವೂ ಅಷ್ಟೇ ಎನ್ನೋಣ. ಅರ್ಧ ವೋಲ್ಟೇಜು ರೋಧಕದಲ್ಲೇ ಕಳೆದು ಮೀಟರು 200 ತೋರಿಸುತ್ತದೆ! ಸಾಲದೆಂದು ಏರಿಸುತ್ತ ಹೋದರೆ ದುಬಾರಿ ನಳಿಗೆ ಕೆಟ್ಟಿತು. ಮೀಟರಿನೊಡನೆ ಸರಣಿಯಲ್ಲಿ 990 ಮೆಗಓಮ್ ಜೋಡಿಸಿ, ಬಂದ ಅಂಕಿಯನ್ನು ನೂರರಿಂದ ಗುಣಿಸಬೇಕು.

ತಂದೆತಾಯಿಯರು ಗಮನಿಸಿ: ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುದಂಶ ಉಳಿದಿರುತ್ತದೆ. ರೋಧಕದ ಮೂಲಕ ಅದನ್ನು ಬರಿದುಮಾಡುವ ಮುನ್ನ ಮಕ್ಕಳು ಕೈಯಿಡಕೂಡದು.