ಅಮೆರಿಕದ ಮಹಿಳಾ ಕಾಲೇಜುಗಳು: ಪ್ರವೇಶ ಎಷ್ಟು, ನೆರವು ಎಷ್ಟು?

ಪಿ.ಯು.ಸಿ. ಮುಗಿಸುವ ಮಗಳನ್ನು ಪದವಿಗೆ ಅಮೆರಿಕಕ್ಕೆ ಕಳುಹಿಸಬೇಕೆಂಬ ಆಸೆ ಇಂದು ಗಲ್ಫ್‌ನಲ್ಲಿ ದುಡಿಯುವವರ ಮನೆಗಳಿಗಷ್ಟೇ ಸೀಮಿತವಾಗಿಲ್ಲ. "ಅಲ್ಲಿನ ಮಹಿಳಾ ಕಾಲೇಜುಗಳು ಪೂರ್ತಿ ಖರ್ಚು ಕೊಡುತ್ತವಂತೆ, ನಿಜವೇ ಫಾದರ್?" ಎಂದು ಕೇಳುವ ಹೆತ್ತವರಿದ್ದಾರೆ. ನಮ್ಮ ಉತ್ತರ: ಅದು ಅರ್ಧ ಸತ್ಯ. ಉಳಿದರ್ಧವನ್ನು ತಿಳಿಯದೆ ಅರ್ಜಿ ಹಾಕಿದರೆ ಹಣದ ಜೊತೆಗೆ ಮಗುವಿನ ಒಂದು ವರ್ಷವೂ ವ್ಯರ್ಥವಾದೀತು.

1960ರ ಸುಮಾರಿಗೆ ಅಮೆರಿಕದಲ್ಲಿ ಇನ್ನೂರಕ್ಕೂ ಹೆಚ್ಚು ಮಹಿಳಾ ಕಾಲೇಜುಗಳಿದ್ದವು. ಈಗ ಉಳಿದಿರುವುದು ಮೂವತ್ತರ ಆಸುಪಾಸು. 'ಏಳು ಸಹೋದರಿಯರು' ಎಂದು ಹೆಸರಾಗಿದ್ದ ಕಾಲೇಜುಗಳಲ್ಲಿ ವಾಸರ್ 1969ರಲ್ಲಿ ಗಂಡುಮಕ್ಕಳಿಗೂ ಬಾಗಿಲು ತೆರೆಯಿತು. ರ್‍ಯಾಡ್‌ಕ್ಲಿಫ್ 1999ರಲ್ಲಿ ಹಾರ್ವರ್ಡ್‌ನಲ್ಲಿ ಪೂರ್ಣವಾಗಿ ಲೀನವಾಯಿತು. ಬರ್ನಾರ್ಡ್, ವೆಲೆಸ್ಲಿ, ಸ್ಮಿತ್, ಬ್ರಿನ್ ಮಾರ್ ಮತ್ತು ಮೌಂಟ್ ಹೋಲಿಯೋಕ್ ಇಂದಿಗೂ ಮಹಿಳಾ ಕಾಲೇಜುಗಳೇ.

ಇವುಗಳಲ್ಲಿ ಬರ್ನಾರ್ಡ್ ಇತ್ತೀಚಿನ ವರ್ಷಗಳಲ್ಲಿ 100 ಅರ್ಜಿಗಳಿಗೆ 10ಕ್ಕಿಂತ ಕಡಿಮೆ ಪ್ರವೇಶ ನೀಡುತ್ತಿದೆ. ವೆಲೆಸ್ಲಿಯಲ್ಲಿ ಇದು ಸುಮಾರು 14, ಸ್ಮಿತ್‌ನಲ್ಲಿ 20ರ ಆಸುಪಾಸು. ಉಳಿದೆರಡರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಸೀಟು ಸಿಗುತ್ತದೆ. ಆದರೆ ಈ ಅಂಕಿಗಳಲ್ಲಿ ಅಮೆರಿಕದವರು, ಹೊರದೇಶದವರು, ನೆರವು ಕೇಳಿದವರು, ಕೇಳದವರು ಎಲ್ಲರೂ ಸೇರಿದ್ದಾರೆ. ಹಾಗಾಗಿ 'ಮೂರರಲ್ಲಿ ಒಂದು' ಎಂಬುದು ನೆರವು ಬೇಕಾದ ನಮ್ಮ ಹುಡುಗಿಯ ಅವಕಾಶವಲ್ಲ.

ಕಾರಣವೇನು? ಅರ್ಜಿದಾರಳ ಹಣಕಾಸಿನ ಸ್ಥಿತಿಯನ್ನು ನೋಡದೆ ಆಯ್ಕೆ ಮಾಡುವ ಪದ್ಧತಿ ವೆಲೆಸ್ಲಿ ಮತ್ತು ಬರ್ನಾರ್ಡ್‌ಗಳಲ್ಲಿದೆ. ಆದರೆ ಇದು ಅಮೆರಿಕದ ಪ್ರಜೆಗಳಿಗೆ, ಅಲ್ಲಿನ ಖಾಯಂ ನಿವಾಸಿಗಳಂಥವರಿಗೆ ಮಾತ್ರ. ಹೊರದೇಶದ ವಿದ್ಯಾರ್ಥಿನಿಯ ವಿಷಯದಲ್ಲಿ ಈ ಐದೂ ಕಾಲೇಜುಗಳು 'ಈಕೆಗೆ ಎಷ್ಟು ನೆರವು ಬೇಕು?' ಎಂಬುದನ್ನೂ ಗಮನಿಸುತ್ತವೆ. ಸಮಾನ ಅಂಕಗಳ ಇಬ್ಬರಿದ್ದರೆ ಹೆಚ್ಚು ನೆರವು ಬೇಕಾದವಳ ದಾರಿ ಕಿರಿದಾಗುತ್ತದೆ.

ಬಡವಳಿಗೆ ಇದು ಅನ್ಯಾಯವೆನಿಸುವುದು ಸಹಜ. ನಮಗೂ ಹಾಗೆಯೇ ಅನಿಸುತ್ತದೆ. ಆದರೂ ಇನ್ನೊಂದು ಮುಖವನ್ನು ಹೇಳಲೇಬೇಕು. ಆಯ್ಕೆಯಾದವಳ ಲೆಕ್ಕಹಾಕಿದ ಅಗತ್ಯವನ್ನು ಈ ಕಾಲೇಜುಗಳು ಪೂರ್ತಿ ತುಂಬಿಕೊಡುತ್ತವೆ. ವರ್ಷದ ಒಟ್ಟು ಖರ್ಚು ಸುಮಾರು 90,000 ಡಾಲರ್, ಅಂದರೆ 75 ಲಕ್ಷ ರೂಪಾಯಿಗೂ ಮಿಗಿಲು. ಸೀಟು ಕೊಟ್ಟು, ಅರ್ಧ ನೆರವು ನೀಡಿ, ಉಳಿದದ್ದಕ್ಕೆ ಮನೆಯವರು ತೋಟ ಅಡವಿಡುವಂತೆ ಮಾಡುವ ವಿದ್ಯಾಸಂಸ್ಥೆಗಳಿಗಿಂತ ಇದು ಪ್ರಾಮಾಣಿಕ ದಾರಿ. ಸ್ಮಿತ್ ಕಾಲೇಜು 2022ರಿಂದ ತನ್ನ ನೆರವಿನಲ್ಲಿ ಸಾಲವನ್ನು ಕೈಬಿಟ್ಟು ಅನುದಾನವನ್ನೇ ನೀಡುತ್ತಿದೆ.

ಇನ್ನು ಮುಖ್ಯ ಮಾತು. "ಮೊದಲು ನೆರವು ಬೇಡವೆಂದು ಬರೆದು ಸೀಟು ಪಡೆಯಿರಿ, ಆಮೇಲೆ ಕೇಳಿದರಾಯಿತು" ಎಂದು ಸಲಹೆ ಕೊಡುವವರಿದ್ದಾರೆ. ಇದನ್ನು ನಂಬಬೇಡಿ. ಇಂತಹ ಅನೇಕ ಕಾಲೇಜುಗಳಲ್ಲಿ, ಅರ್ಜಿಯ ವೇಳೆ ನೆರವು ಕೇಳದ ಹೊರದೇಶದ ವಿದ್ಯಾರ್ಥಿನಿಗೆ ಮುಂದಿನ ನಾಲ್ಕು ವರ್ಷವೂ ನೆರವಿನ ಬಾಗಿಲು ಮುಚ್ಚಿರುತ್ತದೆ. ಅಮೆರಿಕ ಸರಕಾರದ ವಿದ್ಯಾರ್ಥಿ ಸಾಲವೂ ಅವಳಿಗಿಲ್ಲ. ಮೊದಲ ವರ್ಷದ ಹಣ ಎಲ್ಲಿಂದ ಬರುತ್ತದೆಂದು ತೋರಿಸದೆ ವೀಸಾದ ಕಾಗದಪತ್ರವೂ ಸಿಗದು.

'ಅಗತ್ಯ' ಎಷ್ಟೆಂದು ನಿರ್ಧರಿಸುವುದೂ ಕಾಲೇಜೇ ಹೊರತು ಮನೆಯವರಲ್ಲ. ಸಿ.ಎಸ್.ಎಸ್. ಪ್ರೊಫೈಲ್‌ನಂತಹ ನಮೂನೆಗಳಲ್ಲಿ ಸಂಬಳ, ಮನೆ, ಜಮೀನು, ಉಳಿತಾಯ ಎಲ್ಲವನ್ನೂ ತಿಳಿಸಬೇಕು. ಕಾಲೇಜುಗಳ ಜಾಲತಾಣಗಳಲ್ಲಿ ಖರ್ಚಿನ ಅಂದಾಜು ನೀಡುವ ಲೆಕ್ಕಪಟ್ಟಿಗಳಿವೆ. ಹೊರದೇಶದವರಿಗೂ ಅನ್ವಯಿಸುತ್ತದೆಯೇ ಎಂದು ನೋಡಿಕೊಂಡು ಬಳಸಿ. 'ಅರ್ಲಿ ಡಿಸಿಷನ್' ಎಂಬ ಮುಂಚಿತ ಅರ್ಜಿಯಲ್ಲಿ ಆಯ್ಕೆಯಾದರೆ ಅಲ್ಲಿಗೇ ಸೇರುತ್ತೇನೆಂಬ ಒಪ್ಪಂದವಿರುತ್ತದೆ. ಬೇರೆ ಕಾಲೇಜಿನ ನೆರವಿನೊಡನೆ ಹೋಲಿಸಲು ಅವಕಾಶವಿರದು.

ಧರ್ಮಕೇಂದ್ರಗಳಲ್ಲಿ ಸೇವೆ ಮಾಡುವವರಿಗೆ ಒಂದು ವಿನಂತಿ. ಆದಾಯವನ್ನು ಕಡಿಮೆ ತೋರಿಸುವ ಪತ್ರಕ್ಕೆ ಸಹಿ ಹಾಕಬೇಡಿ. ಸುಳ್ಳು ಹೊರಬಿದ್ದರೆ ಸೀಟು ಕಳೆದುಕೊಳ್ಳುವವಳು ಹುಡುಗಿ. ಹಾಗೆಯೇ "ಇದೆಲ್ಲ ನಮ್ಮಂಥವರಿಗಲ್ಲ" ಎಂದು ಅರ್ಹಳನ್ನು ತಡೆಯಲೂಬೇಡಿ. ಊರಿನಲ್ಲೊಂದು ಸೀಟು ಭದ್ರಪಡಿಸಿಕೊಂಡು ಅರ್ಜಿ ಹಾಕಲಿ. 2025ರ ಮೇ-ಜೂನ್‌ನಲ್ಲಿ ಅಮೆರಿಕ ಹೊಸ ವಿದ್ಯಾರ್ಥಿ ವೀಸಾ ಸಂದರ್ಶನಗಳ ನಿಗದಿಯನ್ನೇ ಕೆಲವು ವಾರ ನಿಲ್ಲಿಸಿದ್ದನ್ನು ಮರೆಯುವಂತಿಲ್ಲ.

ಮೇರಿ ಲಯನ್ 1837ರಲ್ಲಿ ಮೌಂಟ್ ಹೋಲಿಯೋಕ್ ತೆರೆದಾಗ, ಸಾಧಾರಣ ಮನೆಯ ಹುಡುಗಿಯರೂ ಓದಲೆಂದು ಊರೂರು ತಿರುಗಿ ಚಿಕ್ಕಪುಟ್ಟ ದೇಣಿಗೆ ಸಂಗ್ರಹಿಸಿದ್ದರು. ನಮ್ಮ ಕರಾವಳಿಯಲ್ಲೂ ಅಪೊಸ್ತಲಿಕ್ ಕಾರ್ಮೆಲ್ ಧರ್ಮಭಗಿನಿಯರು 1921ರಲ್ಲಿ ಮಂಗಳೂರಿನಲ್ಲಿ ಸಂತ ಆಗ್ನೆಸ್ ಕಾಲೇಜನ್ನು ಆರಂಭಿಸಿದರು. ಮಗಳು ಅಲ್ಲಿ ಓದಲಿ, ಇಲ್ಲಿ ಓದಲಿ, ಸರಿಯಾದ ಲೆಕ್ಕ ಮೊದಲೇ ಅವಳ ಕೈಗೆ ಸಿಗುವಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಹೊಣೆ.